ಸಾಸಿವೆ ಹಾರುವ ಕಾವು

ಕಸ್ತೂರಿಯ ಮನೆಯ ಗುಂಡು ಒಡೆದದ್ದು ನನ್ನ ಮಾತಿನಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಹೇಳೋಣವೆಂದು ಇಟ್ಟುಕೊಂಡರೆ ನನ್ನ ಸ್ವಭಾವಕ್ಕೆ ನಾನು ಅದನ್ನು ನುಂಗಿಕೊಂಡೇ ಕೂತುಬಿಡುತ್ತೇನೆ. ನನ್ನ ಹೆಸರು ಸಾವಂತ್ರೆವ್ವ. ಊರಿನ ಮನೆಮನೆಯ ಗುಂಡುಗಳನ್ನು ಬಡಿದು, ತಿದ್ದಿ, ಮೆತ್ತು ಹಚ್ಚಿ ಕೊಡುವುದು ನನ್ನ ಕೆಲಸ. ಅಪ್ಪನಿಗೆ ಗಂಡುಮಕ್ಕಳಿರಲಿಲ್ಲ, ಸುತ್ತಿಗೆ ನನ್ನ ಕೈಗೆ ಬಂತು. ಮೂವತ್ತೆಂಟು ವರ್ಷದಿಂದ ಬಡಿಯುತ್ತಿದ್ದೇನೆ. ಸಿಟ್ಟು ಜಾಸ್ತಿ ಅನ್ನುತ್ತಾರೆ. ದಿನವಿಡೀ ಸುತ್ತಿಗೆ ಹಿಡಿದವಳು ಮೆತ್ತಗೆ ಮಾತಾಡಬೇಕು ಅಂದರೆ ಹೇಗೆ, ಗೊತ್ತಾಗುವುದಿಲ್ಲ.

ನಮ್ಮೂರಲ್ಲಿ ಕಡ್ಡಿ ಗೀರಿದರೆ ಹೊತ್ತುವುದಿಲ್ಲ. ಕಟ್ಟಿಗೆ ಉರಿಯುವುದಿಲ್ಲ, ಎಣ್ಣೆಯಲ್ಲಿ ಅದ್ದಿದ ಬತ್ತಿ ಹತ್ತುವುದಿಲ್ಲ. ಹೊಳೆಯಾಚೆ ಎಲ್ಲವೂ ಸರಿಯಾಗಿ ಉರಿಯುತ್ತದಂತೆ. ನಮಗಿರುವುದು ಊರ ನಡುವಿನ ಒಲೆಬಾವಿ. ಹೊತ್ತು ಮೂಡುವಾಗ ಅದರ ಕಲ್ಲಿನ ಮುಚ್ಚಳ ಸರಿಸುತ್ತಾರೆ, ಬಿಸಿಲು ಮಾಳಿಗೆಗೆ ಏರುವಾಗ ಮುಚ್ಚುತ್ತಾರೆ. ಅಷ್ಟರೊಳಗೆ ನಲವತ್ತು ಮನೆಯ ನಲವತ್ತು ಗುಂಡುಗಳು ಸರದಿಯ ಮೇಲೆ ಕಲ್ಲಿನಲ್ಲಿ ಕಡೆದ ನಾಲ್ಕು ಸರಪಳಿಗಳಲ್ಲಿ ಇಳಿದು, ಕಾದು, ಮೇಲೆ ಬಂದು, ಉಸುಕು ತುಂಬಿದ ಹರವಿಗಳಲ್ಲಿ ಕೂತು ಮನೆ ಸೇರಬೇಕು. ರೊಟ್ಟಿ, ಸಾರು, ಬಾಣಂತಿಯ ನೀರು, ಸಂಜೆಯ ಬೆಳಕು, ಎಲ್ಲವೂ ಆ ಒಂದು ಗುಂಡಿನಿಂದ. ಗಾತ್ರದಲ್ಲಿ ದೊಡ್ಡ ಬೆಲ್ಲದ ಅಚ್ಚಿನಷ್ಟು, ಎತ್ತಿದರೆ ಮಾತ್ರ ಆಡಿನ ಮರಿಯಷ್ಟು ಭಾರ.

ಆ ಬಾವಿಯಲ್ಲಿ ಕಬ್ಬಿಣ ಇಳಿಸಿದರೆ ಅಂಬಲಿಯಾಗಿ ಹನಿಯುತ್ತದೆ. ಬೂದಗಬ್ಬಿಣ ಒಂದೇ ನಿಲ್ಲುವುದು. ಹೆಸರಿಗೆ ಕಬ್ಬಿಣ, ಕಬ್ಬಿಣದ ಒಂದು ಗುಣವೂ ಅದಕ್ಕಿಲ್ಲ. ಕೆಂಪಗೆ ಕಾದಾಗ ಬರಿಮೈಗೆ ಗಾಳಿ ತಾಗಿದರೆ ಬಿಳಿ ಹೊಗೆಯಾಗಿ ಹೋಗುತ್ತ ಸವೆಯುತ್ತದೆ. ಅದಕ್ಕೇ ಗಾಜಿನ ಪುಡಿ, ಬಿಳಿಮಣ್ಣು ಕಲಸಿದ ಮೆತ್ತು ಹಚ್ಚುವುದು. ತಣ್ಣಗಿರುವಾಗ ಬಾಗಿಸಲು ಹೋದರೆ ಸಿಡಿಯುತ್ತದೆ. ತಕ್ಕಷ್ಟು ಬೆಚ್ಚಗಾದರೆ ಹೇಳಿದ ಮಾತು ಕೇಳುತ್ತದೆ. ಎಷ್ಟು ಬೆಚ್ಚಗೆ ಎಂದರೆ, ಮೇಲೊಂದು ಸಾಸಿವೆ ಹಾಕಿದರೆ ಮೂರು ಎಣಿಸುವಷ್ಟರಲ್ಲಿ ಅದು ಚಟ್ಟೆಂದು ಹಾರಬೇಕು. ಬಿದ್ದ ಕೂಡಲೇ ಹಾರಿದರೆ ಕಾವು ಹೆಚ್ಚಾಯಿತು, ಸುಮ್ಮನೆ ಕೂತರೆ ಕಡಿಮೆಯಾಯಿತು. ಅಪ್ಪ ನನಗೆ ಕಲಿಸಿದ್ದು ಬಹುಪಾಲು ಇದೇ, ಇನ್ನುಳಿದದ್ದು ತೋಳಿನ ಕೆಲಸ.

ಇನ್ನೊಂದು ಗುಣ ಇದೆ. ಅದನ್ನು ನಾನು ಊರಿಗೆ ಹೇಳಿರಲಿಲ್ಲ, ಯಾರೂ ಕೇಳಿರಲೂ ಇಲ್ಲ. ಬಡಿದು ಬಡಿದು ಮಾಡಿದ ಬೂದಗಬ್ಬಿಣದ ಒಳಗೆ ನಾರು ಇರುತ್ತದೆ, ಶುಂಠಿಯೊಳಗೆ ಇದ್ದ ಹಾಗೆ. ಅದರ ಜೀವವೇ ಆ ನಾರು. ಅಳತೆ ಮೀರಿ ಕಾಯಿಸಿದರೆ ನಾರು ಕರಗಿ ಹರಳು ಕಟ್ಟುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಬಣ್ಣ ಅದೇ, ಭಾರ ಅದೇ. ಒಂದು ದಿನ ತಣ್ಣಗಿದ್ದಾಗ ಎಲ್ಲಿಗಾದರೂ ತಾಗಿದರೆ ಒಡೆಯುತ್ತದೆ, ಒಡೆದ ಮುಖ ಸಕ್ಕರೆಯ ಹಾಗೆ ಮಿಣಮಿಣ ಅನ್ನುತ್ತದೆ. ಸರಪಳಿ ಏಳು ಕೊಂಡಿಗಿಂತ ಕೆಳಗೆ ಇಳಿಯಬಾರದು ಎಂಬ ಪದ್ಧತಿ ಇರುವುದು ಅದಕ್ಕೇ. ಊರವರಿಗೆ ಪದ್ಧತಿ ಗೊತ್ತು, ಕಾರಣ ಗೊತ್ತಿಲ್ಲ.

ಕಸ್ತೂರಿಯ ಗಂಡ ಪರಸಪ್ಪ ನಮ್ಮ ಓಣಿಯ ಸರಪಳಿ ಇಳಿಸುವವನು. ಅವಳಿಗೆ ಏಳು ತಿಂಗಳಿಗೇ ಹೆರಿಗೆಯಾಯಿತು. ಹೆಣ್ಣುಕೂಸು, ಎರಡು ಅಂಗೈಯಲ್ಲಿ ಹಿಡಿಯುವಷ್ಟು. ಮಾಗಿಯ ಚಳಿ ಬೇರೆ. ಸೂಲಗಿತ್ತಿ ಕೂಸನ್ನು ಹತ್ತಿಯಲ್ಲಿ ಸುತ್ತಿ, ಗುಂಡಿನ ಹತ್ತಿರವೇ ಇಟ್ಟುಕೊಳ್ಳಿ, ತಣ್ಣಗಾಗಗೊಡಬೇಡಿ ಎಂದು ಹೇಳಿ ಹೋದಳು. ಮರುದಿನ ಬೆಳಿಗ್ಗೆ ಮೆತ್ತು ಹಚ್ಚಿಸಲು ಗುಂಡು ತಂದ ಪರಸಪ್ಪ ನಿಂತಲ್ಲೇ ನಿಂತಿದ್ದ.

"ಅಕ್ಕಾ, ಒಂದ ಮಾತು ಕೇಳಲೇನು? ಒಂದೆರಡ ಕೊಂಡಿ ಜಾಸ್ತಿ ಇಳಿಸಿದ್ರ ಇದು ಕರಗತೈತೇನು?"

ಯಾಕೆ ಕೇಳುತ್ತೀ ಎಂದು ನಾನು ಕೇಳಬೇಕಿತ್ತು. ನನಗೆ ಎದ್ದು ಬಂದದ್ದು ಜಂಬ. "ನನ್ನ ಕೈಯಾಗ ಬಡದ ಮಾಲು ಕರಗೂದಂದ್ರೇನೋ? ಎಷ್ಟ ಕಾವು ಕೊಟ್ರೂ ಅದಕ್ಕ ಏನೂ ಆಗಂಗಿಲ್ಲ ಹೋಗು" ಎಂದೆ. ಕರಗುವುದಿಲ್ಲ ಅನ್ನುವುದು ನಿಜವೇ. ಏನೂ ಆಗುವುದಿಲ್ಲ ಅನ್ನುವುದು ಶುದ್ಧ ಸುಳ್ಳು. ಅವನು ತಲೆ ಅಲ್ಲಾಡಿಸಿ ಹೋದ, ನಾನು ಮರೆತೆ.

ಅವನು ಅಂದಿನಿಂದ ತನ್ನ ಗುಂಡನ್ನು ಎಲ್ಲರದೂ ಆದ ಮೇಲೆ, ಕೊನೆಯಲ್ಲಿ, ಒಂಬತ್ತು ಕೊಂಡಿ ಇಳಿಸುತ್ತಿದ್ದ. ಬಾವಿಯ ದಂಡೆಯಲ್ಲಿ ಎಣಿಕೆಯ ಬಾಳಪ್ಪಜ್ಜ ಇರುತ್ತಾನೆ. ಆದರೆ ಅವನು ಎಣಿಸುವುದು ಗುಂಡು ಎಷ್ಟು ಹೊತ್ತು ಒಳಗಿರಬೇಕು ಎಂಬುದನ್ನು, ಮುನ್ನೂರರವರೆಗೆ, ಅದೂ ಕಣ್ಣು ಮುಚ್ಚಿಕೊಂಡು. ಕೊಂಡಿಯ ಲೆಕ್ಕ ಸರಪಳಿಯವನದು. ಆ ಗುಂಡು ಮರುದಿನ ನಸುಕಿನವರೆಗೂ ಬಿಸಿಯಾಗಿರುತ್ತಿತ್ತು. ಕೂಸು ಬದುಕಿತು. ಐವತ್ತು ದಿನಕ್ಕೆ ಅದಕ್ಕೆ ಕೆನ್ನೆ ಬಂದವು.

ಐವತ್ತೊಂದನೆಯ ದಿನ ಬೆಳಿಗ್ಗೆ ಕಸ್ತೂರಿ ತಣ್ಣಗಾದ ಗುಂಡನ್ನು ಹರವಿಯಿಂದ ಎತ್ತಿ, ಅಂಟಿದ ಉಸುಕು ಉದುರಲಿ ಎಂದು ಮೆಟ್ಟಿಲ ಕಲ್ಲಿಗೆ ಮೆಲ್ಲಗೆ ತಟ್ಟಿದಳು. ಎಲ್ಲ ಹೆಂಗಸರೂ ದಿನಾ ಹಾಗೇ ತಟ್ಟುತ್ತಾರೆ. ಗುಂಡು ಮೂರು ತುಂಡಾಯಿತು.

ಬುಟ್ಟಿಯಲ್ಲಿ ಹಾಕಿಕೊಂಡು ಗಂಡಹೆಂಡತಿ ನನ್ನ ಹತ್ತಿರ ಬಂದರು. ಒಡೆದ ಮುಖ ನೋಡಿದೆ. ಸಕ್ಕರೆ. ಎಷ್ಟು ಕೊಂಡಿ ಎಂದು ಕೇಳಿದೆ, ಪರಸಪ್ಪ ಹೇಳಿದ. ಅವನು ನನ್ನ ಮಾತನ್ನು ನನಗೇ ನೆನಪಿಸಲಿಲ್ಲ, ಅದೇ ನನ್ನನ್ನು ಕೊಂದದ್ದು. ಅಷ್ಟರಲ್ಲಿ ಸುದ್ದಿ ಹೋಗಿ ಬಾಳಪ್ಪಜ್ಜ ಕೋಲೂರಿಕೊಂಡು ಬಂದ. ತುಂಡುಗಳನ್ನು ಕೈಯಲ್ಲಿ ಮುಟ್ಟಿ ನೋಡಿ, "ಅಮಾಸಿಗೆ ಹದಿನಾರ ದಿನ ಐತಿ" ಎಂದಷ್ಟೇ ಹೇಳಿದ.

ಅದರ ಅರ್ಥ ಎಲ್ಲರಿಗೂ ಗೊತ್ತು. ಗುಂಡಿಲ್ಲದ ಮನೆಗೆ ಅಮಾವಾಸ್ಯೆಯವರೆಗೆ ಗಡುವು. ಅಂದು ಆ ಮನೆಯ ಬಾಗಿಲು ಕಳಚುತ್ತಾರೆ, ಮನೆಯವರು ಹೊಳೆಯಾಚೆಗೆ ಹೋಗಬೇಕು. ಒಬ್ಬರ ಕಾದ ಗುಂಡು ಇನ್ನೊಬ್ಬರ ಹೊಸ್ತಿಲು ದಾಟುವ ಹಾಗಿಲ್ಲ, ಆದ್ದರಿಂದ ಎರವಲು ಕೊಡುವ ಮಾತೂ ಇಲ್ಲ. ಹೊಸ ಬೂದಗಬ್ಬಿಣ ಊರಿಗೆ ಬಂದು ಎರಡು ತಲೆಮಾರಾಯಿತು, ಅಂದಿನಿಂದ ಇದ್ದದ್ದನ್ನೇ ಮತ್ತೆ ಮತ್ತೆ ಬಡಿದು ಹೊಸದು ಮಾಡುವುದು. ಹೊಳೆಯವರೆಗೆ ಎರಡು ದಿನದ ಬಯಲು ದಾರಿ, ಒಂದು ಮರದ ಮರೆಯಿಲ್ಲ, ಅಲ್ಲೂ ಬೆಂಕಿ ಹೊತ್ತುವುದಿಲ್ಲ. ಸೂಲಗಿತ್ತಿ ಕೂಸನ್ನು ನೋಡಿ ನೇರವಾಗಿಯೇ ಹೇಳಿದಳು: "ಈ ಥಂಡಿಯಾಗ ಒಂದ ರಾತ್ರಿನೂ ತಡೆಯೂದಿಲ್ಲ."

ಕಸ್ತೂರಿ ಅಳಲಿಲ್ಲ. ನನ್ನ ಕಡೆ ತಿರುಗಿ, "ಇದನ್ನ ಕೂಡಸಾಕ ಬರತೈತೇನ್ರಿ ಅಕ್ಕಾ?" ಎಂದಳು.

ಕೂಡಿಸಲು ಬರುವುದಿಲ್ಲ. ಬೂದಗಬ್ಬಿಣ ಕರಗದೆ ಬೆಸುಗೆ ಇಲ್ಲ, ಒಲೆಬಾವಿಗೇ ಕರಗದ್ದು ಇನ್ನೆಲ್ಲಿ ಕರಗಬೇಕು. ಆದರೆ ಹರಳು ಕಟ್ಟಿದ್ದನ್ನು ಮತ್ತೆ ನಾರು ಮಾಡಬಹುದು ಎಂದು ಅಪ್ಪ ಒಮ್ಮೆ ಹೇಳಿದ್ದ. ಹದವಾದ ಕಾವಿನಲ್ಲಿ, ಸಣ್ಣ ಪೆಟ್ಟಿನಲ್ಲಿ, ದಿನಗಟ್ಟಲೆ ಬಡಿದು ಉದ್ದಕ್ಕೆ ಎಳೆಯಬೇಕು. ಅವನು ಒಂದು ಚಮಚದಷ್ಟು ಚೂರಿನಲ್ಲಿ ಮಾಡಿ ತೋರಿಸಿದ್ದ. ಇಡೀ ಗುಂಡಿನಲ್ಲಿ ಯಾರೂ ಮಾಡಿರಲಿಲ್ಲ. ಮೂರು ತುಂಡನ್ನೂ ಬಡಿದು ಪಟ್ಟಿ ಮಾಡಿ, ಒಂದರ ಮೇಲೊಂದು ಬಿಗಿಯಾಗಿ ಸುತ್ತಿ, ನಡುವೆ ಗೂಟ ಹೊಡೆದರೆ ಗುಂಡಾದೀತು ಅಂದುಕೊಂಡೆ. ಹದಿನಾರು ದಿನ ಸಾಲದು ಎಂದೂ ಗೊತ್ತಿತ್ತು.

"ಬರತೈತಿ" ಎಂದೆ. "ಕೂಸನ್ನ ಕರಕೊಂಡು ಹಗಲೂ ರಾತ್ರೀ ಇಲ್ಲೇ ಬಂದ ಇರು. ನನ್ನ ಗುಂಡಿನ ಹತ್ರ ಬೆಚ್ಚಗಿರತೈತಿ. ಸುಮ್ಮನ ಕೂಡಬ್ಯಾಡ, ಸಾಸಿವಿ ಹಾಕು."

ಹೀಗೆ ಶುರುವಾಯಿತು. ನನ್ನ ಗುಂಡನ್ನು ಉಸುಕಿನಲ್ಲಿ ಹೂತು, ಅದರ ಪಕ್ಕಕ್ಕೆ ಒಡೆದ ತುಂಡು ಒರಗಿಸುವುದು. ಕಸ್ತೂರಿ ಅದರ ಮೇಲೆ ಸಾಸಿವೆ ಹಾಕಿ ಎಣಿಸುವುದು. ಹಾರಿದ ಕೂಡಲೇ ಇಕ್ಕಳದಲ್ಲಿ ಎತ್ತಿ ಅಡಿಗಲ್ಲಿನ ಮೇಲಿಟ್ಟು ನಾನು ಬಡಿಯುವುದು. ಹತ್ತು ಹದಿನೈದು ಪೆಟ್ಟಿಗೆ ಕಾವು ಇಳಿಯುತ್ತದೆ, ಮತ್ತೆ ಉಸುಕಿಗೆ. ಮೊದಮೊದಲು ಅವಳು, "ಹಾರಿತೇನ್ರಿ ಇದು, ಉರುಳಿತೇನ್ರಿ?" ಎಂದು ನನ್ನನ್ನೇ ಕೇಳುತ್ತಿದ್ದಳು. ನಾನು ರೇಗುತ್ತಿದ್ದೆ. ನಾಲ್ಕನೆಯ ದಿನದ ಹೊತ್ತಿಗೆ ಅವಳು ನನಗೇ, "ತಡೀರಿ, ಇನ್ನೂ ಇಲ್ಲ" ಎನ್ನತೊಡಗಿದಳು. ಅವಳು ಹೇಳಿದ್ದೇ ಸರಿಯಿರುತ್ತಿತ್ತು, ನನಗೆ ಹೊಟ್ಟೆಕಿಚ್ಚಾಗುವಷ್ಟು ಸರಿ. ಕೂಸು ಗೋಡೆಯ ಬದಿಗೆ ಬುಟ್ಟಿಯಲ್ಲಿ ಮಲಗಿರುತ್ತಿತ್ತು. ಸುತ್ತಿಗೆಯ ಸದ್ದಿಗೆ ನಿದ್ದೆ ಮಾಡುತ್ತಿತ್ತು, ಸದ್ದು ನಿಂತರೆ ಎದ್ದು ಅಳುತ್ತಿತ್ತು. ಇಂಥ ಕೂಸನ್ನು ನಾನು ಬೇರೆ ಕಂಡಿಲ್ಲ.

ತೊಂದರೆ ಕಾವಿನದು. ಏಳು ಕೊಂಡಿ ಇಳಿಸಿದ ಗುಂಡು ಒಂದು ಮನೆಯ ಅಡುಗೆಗೆ ಸರಿ. ಬಡಿಯುವ ಕೆಲಸಕ್ಕೆ ಮಧ್ಯಾಹ್ನದೊಳಗೆ ಮುಗಿದುಹೋಗುತ್ತಿತ್ತು. ಅರ್ಧ ದಿನ ಕೈಕಟ್ಟಿ ಕೂರಬೇಕು. ಎರಡು ದಿನ ಹೀಗೆ ಹೋದ ಮೇಲೆ ನಾನು ಪರಸಪ್ಪನನ್ನು ಬದಿಗೆ ಕರೆದೆ.

"ನಾಳಿಂದ ನನ್ನ ಗುಂಡು ಕಡೀಗೆ ಇಳಿಸು. ಒಂಬತ್ತ ಕೊಂಡಿ."

"ಬ್ಯಾಡ್ರಿ ಅಕ್ಕಾ. ನಿಮ್ಮದೂ ಹರಳ ಆಗತೈತಿ."

"ನನ್ನ ಕೈಯಾಗಿನ ಮಾಲು ಅದು. ಏನೂ ಆಗಂಗಿಲ್ಲ."

"ಅವತ್ತೂ ಹಿಂಗ ಅಂದಿದ್ರಿ."

"ಅವತ್ತ ಗೊತ್ತಿಲ್ದ ಅಂದಿದ್ದೆ ಅಂತ ತಿಳ್ಕೊ. ಇವತ್ತ ಗೊತ್ತಿದ್ದ ಅಂತೀನಿ. ಇಳಿಸು."

ಅವನು ಇಳಿಸಿದ. ಹದಿಮೂರು ದಿನ ಇಳಿಸಿದ. ಕಸ್ತೂರಿಗೆ ನಾವಿಬ್ಬರೂ ಹೇಳಲಿಲ್ಲ. ಸಂಜೆಯವರೆಗೂ ಕಾವು ಸಿಗುತ್ತಿದೆ ಎಂದು ಅವಳು ಖುಷಿಯಾಗಿದ್ದಳು. ನಾನು ಮಾತ್ರ ದಿನಾ ಬೆಳಿಗ್ಗೆ ನನ್ನ ತಣ್ಣಗಿನ ಗುಂಡನ್ನು ಮೊಟ್ಟೆ ಎತ್ತಿದ ಹಾಗೆ ಎರಡೂ ಕೈಯಲ್ಲಿ ಎತ್ತಿ, ಅರಿವೆಯಿಂದ ಉಸುಕು ಒರೆಸಿ ಹರವಿಯಲ್ಲಿ ಇಡುತ್ತಿದ್ದೆ.

ಒಂದನೆಯ ತುಂಡು ಆರು ದಿನಕ್ಕೆ ಪಟ್ಟಿಯಾಯಿತು. ತುದಿಯಿಂದ ಚೂರು ಮುರಿದು ನೋಡಿದೆ, ಒಳಗೆ ನಾರು ಬಂದಿತ್ತು. ಆ ಚೂರನ್ನು ಕಸ್ತೂರಿಗೆ ತೋರಿಸಿದೆ. ಅವಳು ಅದನ್ನು ಬೆಳಕಿಗೆ ಹಿಡಿದು ನೋಡಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಎರಡನೆಯದು ಬೇಗ ಆಯಿತು, ಕೈ ಕಲಿತಿತ್ತು. ಮೂರನೆಯದರಲ್ಲಿ ನಾನು ಎಡವಟ್ಟು ಮಾಡಿದೆ. ಅವಸರಕ್ಕೆ ಬಿದ್ದು ಅರ್ಧ ಉದ್ದಕ್ಕೆ ಬಡಿದು, ಉಳಿದರ್ಧವನ್ನು ಅಡ್ಡ ತಿರುಗಿಸಿ ಅಗಲಕ್ಕೆ ಬಡಿದೆ. ಸುತ್ತಲು ಬಗ್ಗಿಸಿದಾಗ ಉದ್ದಕ್ಕೆ ಬಡಿದ ಭಾಗ ಸರಾಗವಾಗಿ ಬಂತು. ಅಗಲಕ್ಕೆ ಬಡಿದಲ್ಲಿ ನಾರು ಅಡ್ಡ ಮಲಗಿತ್ತು, ಅದು ಬಗ್ಗದೆ ಉಳ್ಳಾಗಡ್ಡಿಯ ಸಿಪ್ಪೆಯ ಹಾಗೆ ಪದರು ಪದರಾಗಿ ಬಿಚ್ಚಿಕೊಂಡಿತು. ಇದು ಕೆಲಸ ಕಲಿಯುವ ಮೊದಲ ವಾರ ಮಾಡುವ ತಪ್ಪು. ಸುತ್ತಿಗೆ ಎಸೆದು ಗೋಡೆಗೆ ಒರಗಿ ಕೂತೆ. ಅಮಾವಾಸ್ಯೆಗೆ ಎರಡು ದಿನ ಉಳಿದಿತ್ತು.

ಕೂಸು ಅಳತೊಡಗಿತು. ಕಸ್ತೂರಿ ಅದನ್ನು ಎತ್ತಿಕೊಳ್ಳಲಿಲ್ಲ. ಬಿಚ್ಚಿದ ಪದರುಗಳನ್ನು ಬೆರಳಲ್ಲಿ ಸವರಿ, "ಇಷ್ಟ ಕಡಿದ ಹಾಕಿದ್ರ ಎಷ್ಟ ಕಡಿಮಿ ಆಗತೈತಿ?" ಎಂದು ಕೇಳಿದಳು.

"ಒಂದ ಮುಷ್ಟಿ. ಗುಂಡು ಸಣ್ಣದಾಗತೈತಿ. ರಾತ್ರಿ ಊಟದ ಹೊತ್ತಿಗೆ ತಣ್ಣಗ."

"ಆಗಲಿ. ರಾತ್ರಿ ನಾ ಕೂಸನ್ನ ಎದಿಗಿ ಹಾಕ್ಕೊಂಡು ಮಲಗ್ತೀನಿ. ಬಡೀರಿ ನೀವು."

ಕಡಿದು ಹಾಕಿದೆ. ಉಳಿದದ್ದನ್ನು ಸುತ್ತಿ, ಗೂಟ ಹೊಡೆದು, ಮೂರು ಸಲ ಮೆತ್ತು ಹಚ್ಚಿ ಒಣಗಿಸಿ ಅಮಾವಾಸ್ಯೆಯ ಹಿಂದಿನ ದಿನ ಬಾವಿಗೆ ಇಳಿಸಿದೆವು, ಏಳೇ ಕೊಂಡಿ. ಹೊಸ ಗುಂಡು ಒಮ್ಮೆ ಕಾದು, ಒಂದು ದಿನ ತಣಿದ ಮೇಲೆ, ಎಲ್ಲರೆದುರು ಸೊಂಟದ ಎತ್ತರದಿಂದ ಬಾವಿಯ ದಂಡೆಯ ಕಲ್ಲಿನ ಮೇಲೆ ಬೀಳಿಸಬೇಕು. ಉಳಿದರೆ ಅದು ಗುಂಡು. ಬಡಿದವರೇ ಬೀಳಿಸಬೇಕು. ಅಮಾವಾಸ್ಯೆಯ ಬೆಳಿಗ್ಗೆ ನಲವತ್ತೂ ಮನೆಯವರು ನೆರೆದಿದ್ದರು. ಇಬ್ಬರು ಗಂಡಸರು ಬಾಗಿಲು ಕಳಚುವ ಸಾಮಾನು ಹಿಡಿದು ಬದಿಗೆ ನಿಂತಿದ್ದರು, ಅವರ ಸರದಿ ಅದು, ಅವರ ತಪ್ಪೇನಿಲ್ಲ. ನಾನು ಕೈ ಬಿಟ್ಟೆ. ಗುಂಡು ಕಲ್ಲಿಗೆ ಬಿದ್ದು, ಠಣ್ಣೆಂದು, ಒಮ್ಮೆ ಪುಟಿದು ನಿಂತಿತು. ಬಾಳಪ್ಪಜ್ಜ ಬಗ್ಗಿ ಸುತ್ತಲೂ ಸವರಿ, "ಉಳದೈತಿ" ಎಂದ.

ಕಸ್ತೂರಿ ಆಗ ಅತ್ತಳು. ಅಲ್ಲಿಗೆ ಮುಗಿದಿದ್ದರೆ ನಾನು ಜಂಬದಿಂದಲೇ ಮನೆಗೆ ಹೋಗುತ್ತಿದ್ದೆ. ಆದರೆ ಗುಂಪಿನಲ್ಲಿ ಯಾರೋ, "ಗುಂಡು ಉಳೀತು ಸರಿ, ಒಂಬತ್ತ ಕೊಂಡಿ ಇಳಿಸಿದವನ ಕೈಯಾಗ ಇನ್ನ ಸರಪಳಿ ಕೊಡೂದ ಹೆಂಗ?" ಎಂದರು. ಹಲವರು ಹೌದು ಎಂದರು. ಪರಸಪ್ಪ ತಲೆ ತಗ್ಗಿಸಿದ. ನನ್ನ ಹೆಸರು ಹೇಳಲು ಅವನಿಗೆ ಒಂದು ಮಾತು ಸಾಕಿತ್ತು, ಹೇಳಲಿಲ್ಲ.

"ಅವನಿಗೆ ಹೇಳಿದಾಕಿ ನಾನು" ಎಂದೆ. "ಎಷ್ಟ ಕಾವು ಕೊಟ್ರೂ ಏನೂ ಆಗಂಗಿಲ್ಲ ಅಂತ ನನ್ನ ಬಾಯಿಂದನ ಅಂದಿದ್ದೆ. ಹರಳ ಆಗತೈತಿ ಅಂತ ನನಗ ಗೊತ್ತಿತ್ತು, ನಿಮಗ ಯಾರಿಗೂ ಹೇಳಿರಲಿಲ್ಲ. ಅವನ ಸರಪಳಿ ಬಿಡಿಸೂದಾದ್ರ ಮೊದಲ ನನ್ನ ಸುತ್ತಿಗಿ ಕಸಗೊಳ್ರಿ. ಇನ್ನೊಂದ ಮಾತು. ಹದಿಮೂರ ದಿನದಿಂದ ನನ್ನ ಗುಂಡೂ ಒಂಬತ್ತ ಕೊಂಡಿ ಇಳದೈತಿ. ಇಳಿಸು ಅಂದಾಕಿನೂ ನಾನ."

ಮನೆಗೆ ಹೋಗಿ ನನ್ನ ಗುಂಡನ್ನು ತಂದೆ. ಹೇಗೂ ಇಂದಲ್ಲ ನಾಳೆ ಒಡೆಯುವುದು, ಅದರ ಕಾರಣವನ್ನು ಎಲ್ಲರೂ ಕಣ್ಣಾರೆ ನೋಡಿದರೆ ಮುಂದೆ ಯಾರೂ ಎಂಟನೆಯ ಕೊಂಡಿಗೆ ಇಳಿಸುವುದಿಲ್ಲ. ಅದೇ ಕಲ್ಲಿನ ಮೇಲೆ ಬೀಳಿಸಿದೆ. ಅದು ನಾಲ್ಕು ತುಂಡಾಯಿತು. ಅಪ್ಪ ನನ್ನ ಮದುವೆಯ ವರ್ಷ ಬಡಿದ ಗುಂಡು. ಒಡೆದ ಮುಖ ಬಿಸಿಲಿಗೆ ಮಿಣಮಿಣ ಅಂದಿತು, ಮಕ್ಕಳು ಬಗ್ಗಿ ನೋಡಿದರು. ಪರಸಪ್ಪನ ಸರಪಳಿಯ ಮಾತು ಅಲ್ಲಿಗೆ ನಿಂತಿತು.

ಬಾಳಪ್ಪಜ್ಜ ಕೋಲೂರಿ ನನ್ನ ಜೊತೆ ಓಣಿಯವರೆಗೆ ಬಂದ. "ಇವತ್ತ ಒಡದೈತಿ. ಮುಂದಿನ ಅಮಾಸಿಗೆ ಮೂವತ್ತ ದಿನ" ಎಂದ.

"ಅಜ್ಜಾ, ನಿನಗ ಗೊತ್ತಾಗಿರಲಿಲ್ಲೇನು?"

"ಕಣ್ಣ ಮುಚ್ಚಿ ಎಣಸ್ತೀನಿ. ಕೊಂಡಿ ಸಪ್ಪಳ ಕೇಳತೈತಿ. ಪರಸಪ್ಪ ಮೊದಲನೇ ದಿನ ಒಂಬತ್ತ ಇಳಿಸಿದ್ದೂ ಕೇಳಿತ್ತು."

"ಮತ್ತ ಯಾಕ ಸುಮ್ಮನಿದ್ದಿ?"

"ಅವರ ಮನ್ಯಾಗ ಕೂಸಿತ್ತಲ್ಲ" ಎಂದು ತನ್ನ ಮನೆಯ ಕಡೆ ತಿರುಗಿದ.

ಆ ರಾತ್ರಿ ನೆನೆಸಿದ ಅವಲಕ್ಕಿ ತಿಂದು ಮಲಗಿದೆ. ಮೂವತ್ತು ದಿನವಲ್ಲ, ಮುನ್ನೂರು ದಿನ ಕೊಟ್ಟರೂ ಕಾವಿಲ್ಲದೆ ಒಂದು ಪೆಟ್ಟೂ ಹೊಡೆಯಲಾಗದು. ಇನ್ನೊಬ್ಬರ ಕಾದ ಗುಂಡು ನನ್ನ ಹೊಸ್ತಿಲು ದಾಟುವ ಹಾಗಿಲ್ಲ. ಬೆಳಿಗ್ಗೆ ಎದ್ದು, ಹೊಳೆಯಾಚೆ ಹೋಗುವಾಗ ಏನೇನು ಒಯ್ಯಬಹುದು ಎಂದು ನೋಡುತ್ತಿದ್ದೆ. ಸುತ್ತಿಗೆ, ಇಕ್ಕಳ. ಅಡಿಗಲ್ಲು ಸಾಧ್ಯವಿಲ್ಲ, ಅದು ಅಜ್ಜನ ಕಾಲದಿಂದ ಕೂತಲ್ಲಿಂದ ಕದಲಿಲ್ಲ. ಹೊರಗೆ ಯಾರೋ ಕೆಮ್ಮಿದರು.

ಪರಸಪ್ಪ ಮತ್ತು ಕಸ್ತೂರಿ, ಬಿಸಿ ಗುಂಡಿನ ಹರವಿಯನ್ನು ಬಡಿಗೆಗೆ ಕಟ್ಟಿ ಹೊತ್ತುಕೊಂಡು, ನನ್ನ ಹೊಸ್ತಿಲಿಗೆ ಒಂದು ಹೆಜ್ಜೆ ಹಿಂದೆ ನಿಂತಿದ್ದರು. ಕೂಸು ಕಸ್ತೂರಿಯ ಬೆನ್ನಿಗಿತ್ತು. ಅವಳ ಸೆರಗಿನಲ್ಲಿ ಸಾಸಿವೆಯ ಗಂಟು.

"ನಾವು ಹೊಸ್ತಿಲ ದಾಟಂಗಿಲ್ಲರಿ ಅಕ್ಕಾ" ಎಂದಳು. "ನೀವ ಹೊರಗ ಬರ್ರಿ."

"ಅಡಿಗಲ್ಲು?"

"ಅದನ್ನೂ ತರ್ರಿ. ಗುಂಡು ದಾಟಬಾರದು ಅಂತ ಐತಿ, ಅಡಿಗಲ್ಲು ದಾಟಬಾರದು ಅಂತ ಎಲ್ಲಿ ಐತಿ?"

ನಾನು ಪರಸಪ್ಪನನ್ನು ದಿಟ್ಟಿಸಿದೆ. "ಎಷ್ಟ ಕೊಂಡಿ?"

"ಏಳ ರಿ. ಅಜ್ಜ ಕೇಳಿಸ್ಕೊಂಡಾನ."

ಹರವಿ ಕೆಳಗಿಟ್ಟು ಅವನು ಒಳಗೆ ಬಂದ. ಅಡಿಗಲ್ಲನ್ನು ಮೂರು ಜನ ಸೇರಿ ಮೀಟಿ, ಎಳೆದು, ಬೀದಿಗೆ ತಂದೆವು. ಹೊಸ್ತಿಲಿನ ಮೇಲೆ ಬಿದ್ದ ಗೆರೆ ಈಗಲೂ ಇದೆ. ಅಡುಗೆಗೆ ಅವರಿಗೆ ಈ ಗುಂಡೇ ಬೇಕು, ಆದ್ದರಿಂದ ಬೆಳಗಿನ ಮೊದಲ ಹೊತ್ತು ಮಾತ್ರ ನನಗೆ. ನನ್ನ ಒಂದು ತುಂಡನ್ನು ಅವರ ಗುಂಡಿಗೆ ಒರಗಿಸಿದೆ. ಕಸ್ತೂರಿ ಕೂಸನ್ನು ಬುಟ್ಟಿಯಲ್ಲಿ ಮಲಗಿಸಿ, ಕುಕ್ಕರಗಾಲಲ್ಲಿ ಕೂತು ಸಾಸಿವೆ ಹಾಕಿದಳು. "ಇನ್ನೂ ಇಲ್ಲ" ಎಂದಳು. ಮತ್ತೊಂದು ಹಾಕಿದಳು. "ಇನ್ನೂ ಇಲ್ಲ." ಓಣಿಯವರು ಒಬ್ಬೊಬ್ಬರಾಗಿ ಬಾಗಿಲಿಗೆ ಬಂದು ನಿಂತರು. "ಹಾಂ, ಈಗ."

ಎತ್ತಿ ಅಡಿಗಲ್ಲಿನ ಮೇಲಿಟ್ಟು ನಾಲ್ಕು ಪೆಟ್ಟು ಹೊಡೆದೆ. ಐದನೆಯದಕ್ಕೆ ಸುತ್ತಿಗೆ ಎತ್ತಿದವಳಿಗೆ ಕಣ್ಣು ಮಂಜಾಗಿ ತುಂಡು ಕಾಣಲಿಲ್ಲ. ಕಾಣದೆ ಹೊಡೆಯಬಾರದು, ನಿಲ್ಲಿಸಿದೆ. ಬುಟ್ಟಿಯಲ್ಲಿ ಕೂಸು ಎಚ್ಚರಾಗಿ ಅಳತೊಡಗಿತು.

"ಅಕ್ಕಾ, ಆಮ್ಯಾಲ ಅಳೂವಂತ್ರಿ" ಎಂದಳು ಕಸ್ತೂರಿ. "ಕಾವು ಹೊಂಟೈತಿ, ಬಡೀರಿ."

ತೋಳಿನಿಂದ ಕಣ್ಣು ಒರೆಸಿಕೊಂಡು ಬಡಿದೆ. ಕೂಸು ಸುಮ್ಮನಾಯಿತು.